ಬೆಂಗಳೂರು ಬಾಗಿಲು ತೆರೆದ ನಿರಾಶ್ರಿತ: ಒಟ್ಟೊ ಕೋನಿಗ್ಸ್‌ಬರ್ಗರ್ ಅವರ 90 ವರ್ಷ

ಬಸವನಗುಡಿಯ ಕೃಷ್ಣರಾವ್ ಪಾರ್ಕಿಗೆ ವಾಕಿಂಗ್ ಹೋಗುವವರಿಗೆ ಅಲ್ಲಿನ ಮಂಟಪ ಚೆನ್ನಾಗಿ ಗೊತ್ತು. ನಾಲ್ಕು ಸುತ್ತು ಹಾಕಿ ಸುಸ್ತಾದ ಮೇಲೆ ಕೂತು ಮಾತಾಡಲು ಒಳ್ಳೆಯ ಜಾಗ. ಅದರ ನಕ್ಷೆ ಹಾಕಿದವರು ಬರ್ಲಿನ್‌ನಲ್ಲಿ ಹುಟ್ಟಿದವರು. ಹೆಸರು ಒಟ್ಟೊ ಕೋನಿಗ್ಸ್‌ಬರ್ಗರ್. ಯಹೂದಿ ಮೂಲದ ಕುಟುಂಬದವರು ಎಂಬ ಒಂದೇ ಕಾರಣಕ್ಕೆ ತಮ್ಮ ದೇಶ ಬಿಡಬೇಕಾಗಿ ಬಂದವರು.

ಈಗ ನಿರಾಶ್ರಿತರ ವಿಷಯ ಎತ್ತಿದರೆ ಸಾಕು, ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಯಾರು ನಿರಾಶ್ರಿತರು, ಯಾರು ವಲಸಿಗರು, ಯಾರು ನುಸುಳಿ ಬಂದವರು? ಯಾರಿಗೆ ಕಾರ್ಡು, ಯಾರಿಗೆ ಪೌರತ್ವ? ಎಲ್ಲ ಒಂದರೊಳಗೊಂದು ಸಿಕ್ಕಿಹಾಕಿಕೊಂಡಿದೆ. ಈ ಸಿಕ್ಕು ಇವತ್ತಿನದಲ್ಲ. ಕೋನಿಗ್ಸ್‌ಬರ್ಗರ್ ಅವರ ಬದುಕಿನ ಎಳೆ ಹಿಡಿದು ಹೋದರೆ ಅದು ಸ್ವಲ್ಪ ಬಿಡಿಸಿಕೊಳ್ಳುತ್ತದೆ.

ಅವರು ಹುಟ್ಟಿದ್ದು 1908ರಲ್ಲಿ. ಬರ್ಲಿನ್‌ನಲ್ಲೇ ವಾಸ್ತುಶಿಲ್ಪ ಓದಿದರು. 1933ರಲ್ಲಿ, ಅಲ್ಲಿ ಬಹಳ ಬೆಲೆಯಿದ್ದ ಶಿಂಕೆಲ್ ಪ್ರಶಸ್ತಿ ಬಂತು. ಆಗ ವಯಸ್ಸು 24. ಅದೇ ವರ್ಷದ ಏಪ್ರಿಲ್ 7ರಂದು ಹಿಟ್ಲರ್ ಸರ್ಕಾರ ಯಹೂದಿಗಳನ್ನು ಸರ್ಕಾರಿ ನೌಕರಿಯಿಂದ ತೆಗೆದುಹಾಕುವ ಕಾನೂನು ತಂದಿತು. ಅವರ ಕೆಲಸ ಹೋಯಿತು. ಆಗ ಜರ್ಮನಿಯಲ್ಲಿ ಸುಮಾರು 5 ಲಕ್ಷ ಯಹೂದಿಗಳಿದ್ದರು. ಮುಂದಿನ ಆರು ವರ್ಷಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಊರು ಬಿಟ್ಟರು.

ಬಿಟ್ಟು ಎಲ್ಲಿಗೆ ಹೋಗುವುದು? 1938ರ ಜುಲೈಯಲ್ಲಿ ಫ್ರಾನ್ಸ್‌ನ ಎವಿಯಾನ್‌ನಲ್ಲಿ 32 ದೇಶಗಳು ಇದಕ್ಕೆಂದೇ ಸೇರಿದವು. ಎಲ್ಲರೂ ಮರುಕ ತೋರಿಸಿದರು. ಹೆಚ್ಚು ಜನರನ್ನು ಕರೆದುಕೊಳ್ಳುತ್ತೇವೆ ಎಂದು ಹೇಳಿದ್ದು ಪುಟ್ಟ ಡೊಮಿನಿಕನ್ ಗಣರಾಜ್ಯ ಮಾತ್ರ. ಮುಂದಿನ ವರ್ಷ ಸೇಂಟ್ ಲೂಯಿಸ್ ಎಂಬ ಹಡಗು 900ಕ್ಕೂ ಹೆಚ್ಚು ಯಹೂದಿಗಳನ್ನು ಹೊತ್ತು ಕ್ಯೂಬಾ ತನಕ ಹೋಯಿತು. ಅಲ್ಲಿ ಕೆಲವೇ ಜನರನ್ನು ಬಿಟ್ಟರೆ ಉಳಿದವರನ್ನು ಇಳಿಸಿಕೊಳ್ಳಲಿಲ್ಲ, ಅಮೆರಿಕವೂ ಇಳಿಸಿಕೊಳ್ಳಲಿಲ್ಲ. ಹಡಗು ಯುರೋಪಿಗೇ ವಾಪಸ್ಸಾಯಿತು. ಅದರಲ್ಲಿದ್ದ 250ಕ್ಕೂ ಹೆಚ್ಚು ಜನ ಮುಂದೆ ನಾಜಿಗಳ ಕೈಯಲ್ಲಿ ಸತ್ತರು.

ಬ್ರಿಟಿಷ್ ಇಂಡಿಯಾದ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ಪೂರ್ತಿ ತೆರೆದೂ ಇರಲಿಲ್ಲ. ಬರುವವರಿಗೆ ಇಲ್ಲೊಂದು ಕೆಲಸ ಇರಬೇಕಿತ್ತು, ಇಲ್ಲವೇ ಖರ್ಚು ನೋಡಿಕೊಳ್ಳುತ್ತೇವೆ ಎಂದು ಯಾರಾದರೂ ಜಾಮೀನು ನಿಲ್ಲಬೇಕಿತ್ತು. ಬಾಂಬೆಯಲ್ಲಿ ಯಹೂದಿಗಳೇ ಕಟ್ಟಿಕೊಂಡ ಪರಿಹಾರ ಸಂಘ ಎಷ್ಟೋ ಜನಕ್ಕೆ ಹಾಗೆ ಜಾಮೀನು ನಿಂತಿತು. 1938ರ ಕೊನೆಗೆ ಕಾಂಗ್ರೆಸ್ ಕಾರ್ಯಕಾರಿ ಸಮಿತಿ ಕೂಡ ಪರಿಣತರಾದ ಯಹೂದಿ ನಿರಾಶ್ರಿತರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಅಡ್ಡಿಯಿಲ್ಲ ಎಂದಿತು. 'ಪರಿಣತರು' ಎಂಬ ಆ ಮಾತು ಗಮನಿಸಿ. ಎಂಜಿನಿಯರ್ ಆದರೆ ಸರಿ. ಹೊಲಿಗೆ ಕೆಲಸದ ಹೆಂಗಸು, ವಯಸ್ಸಾದ ಗುಮಾಸ್ತ ಏನು ಮಾಡಬೇಕಿತ್ತು?

ಕೋನಿಗ್ಸ್‌ಬರ್ಗರ್ ಅಷ್ಟರಲ್ಲಿ ಈಜಿಪ್ಟಿನಲ್ಲಿದ್ದರು. ಲುಡ್ವಿಗ್ ಬೋರ್ಷಾರ್ಟ್ ಎಂಬ ದೊಡ್ಡ ಪುರಾತತ್ವ ವಿದ್ವಾಂಸರ ಜೊತೆ ಕೆಲಸ. ಹಳೆಯ ಈಜಿಪ್ಟಿನವರು ಬಾಗಿಲುಗಳನ್ನು ಹೇಗೆ ಮಾಡುತ್ತಿದ್ದರು ಎಂಬುದರ ಮೇಲೆ ಡಾಕ್ಟರೇಟ್ ಪ್ರಬಂಧ ಬರೆದರು. ತನಗೆ ಒಂದೊಂದೇ ಬಾಗಿಲು ಮುಚ್ಚುತ್ತಿದ್ದ ಹೊತ್ತಿನಲ್ಲಿ ಆ ಹುಡುಗ ಕೂತು ಬಾಗಿಲಿನ ತಿರುಗಣೆ, ಚೌಕಟ್ಟು, ಹಲಗೆ ಜೋಡಿಸುವ ಬಗೆ ಅಳೆದು ಬರೆಯುತ್ತಿದ್ದರು ಎಂದು ನೆನೆದರೆ ಮನಸ್ಸು ಭಾರವಾಗುತ್ತದೆ.

ಬೆಂಗಳೂರಿನ ದಾರಿ ಸೋದರಮಾವನ ಕಡೆಯಿಂದ ಬಂತು. ಮಾವ ಅಂದರೆ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, 1954ರಲ್ಲಿ ನೊಬೆಲ್ ಪಡೆದವರು. ಅವರದೂ ಇದೇ ಕಥೆ. 1933ರಲ್ಲಿ ಗಾಟಿಂಗೆನ್ ವಿಶ್ವವಿದ್ಯಾಲಯದ ಹುದ್ದೆ ಕಳೆದುಕೊಂಡಿದ್ದರು. 1935ರಲ್ಲಿ ಸಿ.ವಿ. ರಾಮನ್ ಕರೆದರು ಎಂದು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಆರು ತಿಂಗಳು ಪಾಠ ಮಾಡಿದರು. ಇಲ್ಲೇ ಕಾಯಂ ಆಗಿ ಉಳಿಸಿಕೊಳ್ಳಬೇಕು ಎಂದು ರಾಮನ್ ಬಹಳ ಒದ್ದಾಡಿದರು. ಅದಕ್ಕಾಗಿ ಕರೆದ ಸಭೆಯಲ್ಲಿ ಪ್ರಾಧ್ಯಾಪಕರೊಬ್ಬರು ಎದ್ದು ನಿಂತು, ತನ್ನ ದೇಶದಿಂದ ಓಡಿಸಿಕೊಂಡ ಎರಡನೇ ದರ್ಜೆಯ ಪರದೇಶಿ ನಮಗೆ ಸಾಲದು ಎಂಬರ್ಥದ ಮಾತಾಡಿದರು. ಬಾರ್ನ್ ಅಲ್ಲೇ ಕೂತಿದ್ದರು. ಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತುಬಿಟ್ಟರು. ಕೆಲಸ ಆಗಲಿಲ್ಲ, ಎಡಿನ್‌ಬರೋಗೆ ಹೊರಟುಹೋದರು.

ಆದರೆ ಬೆಂಗಳೂರಿನಲ್ಲಿ ಬೆಳೆದ ಪರಿಚಯ ವ್ಯರ್ಥವಾಗಲಿಲ್ಲ. ಮೈಸೂರಿನ ದಿವಾನರು ಆಗ ಸರ್ ಮಿರ್ಜಾ ಇಸ್ಮಾಯಿಲ್. ಊರು ಅಂದವಾಗಿರಬೇಕು ಎಂದು ಪಾರ್ಕು, ಸರ್ಕಲ್ಲು, ದೀಪದ ಕಂಬದ ತನಕ ಸ್ವತಃ ನೋಡುತ್ತಿದ್ದವರು. ಅವರಿಗೆ ಒಬ್ಬ ವಾಸ್ತುಶಿಲ್ಪಿ ಬೇಕಿತ್ತು, ಬಾರ್ನ್ ಅವರ ಸೋದರಳಿಯನಿಗೆ ಒಂದು ದೇಶ ಬೇಕಿತ್ತು. 1939ರಲ್ಲಿ, 30ನೇ ವಯಸ್ಸಿಗೆ, ಕೋನಿಗ್ಸ್‌ಬರ್ಗರ್ ಮೈಸೂರು ಸರ್ಕಾರದ ವಾಸ್ತುಶಿಲ್ಪಿಯಾಗಿ ಬೆಂಗಳೂರಿಗೆ ಬಂದು ಇಳಿದರು.

ಮುಂದಿನ ಒಂಬತ್ತು ವರ್ಷ ಅವರ ಬದುಕಿನ ತಿರುವು. ಬರ್ಲಿನ್‌ನಲ್ಲಿ ಕಲಿತದ್ದು ಸರಳ, ಅಲಂಕಾರವಿಲ್ಲದ ಹೊಸ ಶೈಲಿ. ದಿವಾನರಿಗೆ ಕಮಾನು, ಗುಮ್ಮಟ ಇಷ್ಟ. ಇಬ್ಬರ ನಡುವೆ ಎಳೆದಾಟ ಇದ್ದೇ ಇತ್ತು. ಆದರೆ ದಿವಾನರಿಗಿಂತ ದೊಡ್ಡ ಮೇಷ್ಟ್ರು ಇಲ್ಲಿನ ಬಿಸಿಲು ಮತ್ತು ಮಳೆ. ಚಳಿಯ ದೇಶದಲ್ಲಿ ಕಿಟಕಿ ದೊಡ್ಡದು ಮಾಡಿ ಬಿಸಿಲನ್ನು ಒಳಗೆ ಕರೆಯುತ್ತಾರೆ. ಇಲ್ಲಿ ಹಾಗೆ ಮಾಡಿದರೆ ಮಾರ್ಚ್ ತಿಂಗಳಲ್ಲಿ ಒಳಗೆ ಕೂರಲು ಆಗುವುದಿಲ್ಲ. ಕಟ್ಟಡದ ಉದ್ದನೆಯ ಗೋಡೆ ಉತ್ತರ, ದಕ್ಷಿಣಕ್ಕೆ ಇರಬೇಕು. ಪೂರ್ವ, ಪಶ್ಚಿಮದ ಓರೆ ಬಿಸಿಲಿಗೆ ಚಿಕ್ಕ ಗೋಡೆಯಷ್ಟೇ ಸಿಗಬೇಕು. ಕಿಟಕಿಯ ಮೇಲೆ ಅಗಲವಾದ ಸಜ್ಜಾ ಬೇಕು. ಬಿಸಿಗಾಳಿ ಮೇಲಿನಿಂದ ಹೊರಗೆ ಹೋಗಲು ದಾರಿ ಬೇಕು. ನಮ್ಮ ಗಾರೆ ಕೆಲಸದವರಿಗೆ ಇದರಲ್ಲಿ ಹೊಸದೇನಿಲ್ಲ. ಕೋನಿಗ್ಸ್‌ಬರ್ಗರ್ ಅದನ್ನು ಲೆಕ್ಕ ಹಾಕಿ, ಕಾಂಕ್ರೀಟಿಗೆ ಒಗ್ಗಿಸಿದರು. ಯುದ್ಧದ ಕಾಲ ಬೇರೆ, ಸಿಮೆಂಟು, ಕಬ್ಬಿಣ ಎರಡಕ್ಕೂ ಬರ.

ಟಾಟಾ ಇನ್‌ಸ್ಟಿಟ್ಯೂಟಿನ ವಿಮಾನ ವಿಭಾಗ, ಲೋಹ ವಿಭಾಗ, ಊಟದ ಮನೆ ಮತ್ತು ಸಭಾಂಗಣ ಅವರ ಕೈಯವು. ಮಾವನಿಗೆ ಕುರ್ಚಿ ಕೊಡದ ಆವರಣದಲ್ಲೇ ಸೋದರಳಿಯ ಕಟ್ಟಡ ಕಟ್ಟಿದರು. ನಡುವೆ ಟಾಟಾ ಕಂಪನಿಗೆ ಜಮ್‌ಶೆಡ್‌ಪುರದ ಯೋಜನೆಯನ್ನೂ ಮಾಡಿಕೊಟ್ಟರು.

ಈ ಹೊತ್ತಿನಲ್ಲಿ ಕಾಗದಪತ್ರಗಳ ಆಟ ಹೇಗಿತ್ತು ನೋಡಿ. ಯುದ್ಧ ಶುರುವಾದ ಕೂಡಲೇ ಬ್ರಿಟಿಷ್ ಇಂಡಿಯಾದಲ್ಲಿ ಜರ್ಮನ್ ಪಾಸ್‌ಪೋರ್ಟ್ ಇದ್ದವರು ಶತ್ರು ದೇಶದವರಾದರು. ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ಯಹೂದಿಗಳನ್ನೂ ಅಹಮದ್‌ನಗರದಂಥ ಶಿಬಿರಗಳಲ್ಲಿ ಕೂಡಿಹಾಕಿದ್ದು ಉಂಟು. ಆಮೇಲೆ ವಿಚಾರಣೆ ಮಾಡಿ ಬಹಳಷ್ಟು ಜನರನ್ನು ಬಿಟ್ಟರು. ಇತ್ತ 1941ರ ನವೆಂಬರ್‌ನಲ್ಲಿ ಜರ್ಮನಿ, ಹೊರದೇಶದಲ್ಲಿದ್ದ ಯಹೂದಿಗಳೆಲ್ಲರ ಪೌರತ್ವವನ್ನೇ ಕಿತ್ತುಹಾಕಿತು. ಒಂದು ಕಡೆ ಜರ್ಮನ್ನರು ಎಂದು ಅನುಮಾನ, ಇನ್ನೊಂದು ಕಡೆ ಜರ್ಮನ್ನರೇ ಅಲ್ಲ ಎಂಬ ಆದೇಶ. ಒಬ್ಬ ಮನುಷ್ಯ ಇದ್ದಲ್ಲೇ ಇದ್ದು ದೇಶವಿಲ್ಲದವನಾಗುವುದು ಹೀಗೆ.

1947ರಲ್ಲಿ ದೇಶ ಒಡೆಯಿತು. ಕೋಟಿಗೂ ಹೆಚ್ಚು ಜನ ಮನೆ ಬಿಟ್ಟು ಓಡಿದರು. ಮರುವರ್ಷ ನೆಹರೂ ಸರ್ಕಾರ ಕೋನಿಗ್ಸ್‌ಬರ್ಗರ್ ಅವರನ್ನು ದೆಹಲಿಗೆ ಕರೆಸಿ ವಸತಿ ನಿರ್ದೇಶಕರನ್ನಾಗಿ ಮಾಡಿತು. ಮನೆ ಕಳೆದುಕೊಂಡವರಿಗೆ ಮನೆ ಕಟ್ಟುವ ಕೆಲಸ ಮನೆ ಕಳೆದುಕೊಂಡವರೊಬ್ಬರ ಹೆಗಲಿಗೆ ಬಂತು. ಫರಿದಾಬಾದ್, ಗಾಂಧಿಧಾಮದಂಥ ನಿರಾಶ್ರಿತರ ಊರುಗಳ ಯೋಜನೆಯಲ್ಲಿ ಅವರ ಪಾಲಿದೆ. ಭುವನೇಶ್ವರದ ಹೊಸ ಪಟ್ಟಣದ ನಕ್ಷೆಯೂ ಅವರದೇ. ದೆಹಲಿಯಲ್ಲಿ ಗೋಡೆಗಳನ್ನು ಕಾರ್ಖಾನೆಯಲ್ಲೇ ಎರಕ ಹೊಯ್ದು ಮನೆ ಜೋಡಿಸುವ ಪ್ರಯತ್ನವೂ ನಡೆಯಿತು. ಅದು ಕೈಕೊಟ್ಟಿತು. ಹಲಗೆಗಳು ಬಿರುಕು ಬಿಟ್ಟವು, ಸಂಸತ್ತಿನಲ್ಲಿ ಗಲಾಟೆಯಾಯಿತು. ಅವಸರ ಎಲ್ಲರಿಗೂ ಇತ್ತು, ಚಳಿಯಲ್ಲಿ ಡೇರೆಯೊಳಗಿದ್ದವರಿಗೆ ಎಲ್ಲರಿಗಿಂತ ಜಾಸ್ತಿ ಇತ್ತು.

1951ರಲ್ಲಿ ಅವರು ಭಾರತ ಬಿಟ್ಟು ಲಂಡನ್‌ಗೆ ಹೋದರು. ಅದೇ ವರ್ಷ ಜಿನೀವಾದಲ್ಲಿ ನಿರಾಶ್ರಿತರ ಒಪ್ಪಂದ ಆಯಿತು. ಯಾರನ್ನು ನಿರಾಶ್ರಿತರು ಎನ್ನಬೇಕು, ಅವರಿಗೆ ಏನೇನು ಹಕ್ಕು ಎಂದು ಮೊದಲ ಸಲ ಇಷ್ಟು ಸ್ಪಷ್ಟವಾಗಿ ಬರೆದ ಕಾಗದ ಅದು. ಭಾರತ ಅದಕ್ಕೆ ಸಹಿ ಹಾಕಲಿಲ್ಲ, ಇವತ್ತಿಗೂ ಹಾಕಿಲ್ಲ. ನಿರಾಶ್ರಿತರಿಗೆಂದೇ ನಮ್ಮದೊಂದು ಕಾನೂನೂ ಬರಲಿಲ್ಲ. ಹಾಗೆಂದು ಜನರನ್ನು ಸೇರಿಸಿಕೊಂಡಿಲ್ಲ ಎಂದಲ್ಲ. ನಮ್ಮ ರಾಜ್ಯವನ್ನೇ ನೋಡಿ. ಬೈಲಕುಪ್ಪೆ, ಮುಂಡಗೋಡಿನಲ್ಲಿ ಟಿಬೆಟಿಯನ್ನರು, ಸಿಂಧನೂರಿನ ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ಬಂದವರು ನೆಲೆಯಾಗಿದ್ದಾರೆ. ಭೂಮಿ ಕೊಟ್ಟಿದ್ದೇವೆ, ಶಾಲೆ ಕೊಟ್ಟಿದ್ದೇವೆ. ಆದರೆ ಒಬ್ಬೊಬ್ಬರಿಗೆ ಒಂದೊಂದು ಆದೇಶ, ಒಂದೊಂದು ಬಗೆಯ ಕಾಗದ. ಚಿಕ್ಕವರಿದ್ದಾಗ ಹಿಮಾಲಯ ದಾಟಿ ಬಂದು ಈಗ 70 ದಾಟಿದ ಟಿಬೆಟಿಯನ್ ಅಜ್ಜ-ಅಜ್ಜಿಯರು ಇನ್ನೂ ನೋಂದಣಿ ಪುಸ್ತಕ ಹಿಡಿದು ನವೀಕರಣಕ್ಕೆ ಹೋಗುತ್ತಾರೆ. ಅಂದು ಒಬ್ಬ ದಿವಾನರ ಒಳ್ಳೆಯತನದಿಂದ ಆಗಿದ್ದು ಇಂದಿಗೂ ಯಾರದೋ ಒಳ್ಳೆಯತನದಿಂದಲೇ ಆಗಬೇಕು ಅಂದರೆ, 80 ವರ್ಷದಲ್ಲಿ ನಾವು ಇನ್ನಷ್ಟು ಮುಂದೆ ಬರಬಹುದಿತ್ತು ಅಲ್ವಾ?

ಲಂಡನ್‌ನಲ್ಲಿ ಕೋನಿಗ್ಸ್‌ಬರ್ಗರ್ ಮೇಷ್ಟ್ರಾದರು. ಬಿಸಿಲು ನಾಡುಗಳ ಕಟ್ಟಡ ಕಲೆಗೆಂದೇ ಒಂದು ವಿಭಾಗ ಕಟ್ಟಿ ನಡೆಸಿದರು. ಏಷ್ಯಾ, ಆಫ್ರಿಕಾದ ಹುಡುಗರು ಬಂದು ಕಲಿತರು. ಬೆಂಗಳೂರಿನ ಬಿಸಿಲಲ್ಲಿ ನಿಂತು ಕಲಿತ ಪಾಠ ಹೀಗೆ ಎಲ್ಲೆಲ್ಲಿಗೋ ಹೋಯಿತು. 1963ರಲ್ಲಿ ವಿಶ್ವಸಂಸ್ಥೆಯ ಪರವಾಗಿ ಸಿಂಗಾಪುರಕ್ಕೂ ಹೋಗಿ ಬಂದರು. ದೊಡ್ಡ ನಕ್ಷೆ ಮುಗಿಯುವಷ್ಟರಲ್ಲಿ ಊರೇ ಬದಲಾಗಿರುತ್ತದೆ, ಇವತ್ತು ಆಗುವ ಕೆಲಸ ಇವತ್ತೇ ಶುರು ಮಾಡಿ ಎನ್ನುವುದು ಅವರ ನಿಲುವಾಗಿತ್ತು. ಡೇರೆಗಳನ್ನು ಕಣ್ಣಾರೆ ಕಂಡವರ ನಿಲುವು ಅದು. 1989ರಲ್ಲಿ ವಿಶ್ವಸಂಸ್ಥೆ ವಸತಿ ಕ್ಷೇತ್ರದ ಸೇವೆಗೆ ಗೌರವ ಕೊಡಲು ಶುರು ಮಾಡಿದಾಗ ಮೊದಲ ಪಟ್ಟಿಯಲ್ಲೇ ಅವರ ಹೆಸರಿತ್ತು.

1999ರ ಜನವರಿ 3ರಂದು ಲಂಡನ್‌ನಲ್ಲಿ ತೀರಿಕೊಂಡರು. 90 ತುಂಬಿತ್ತು. ಕೃಷ್ಣರಾವ್ ಪಾರ್ಕಿಗೆ ಹೋದಾಗಲೆಲ್ಲ ನಾನು ಜೊತೆಯಲ್ಲಿದ್ದವರಿಗೆ ಮಂಟಪ ತೋರಿಸಿ ಅವರ ಹೆಸರು ಹೇಳುತ್ತೇನೆ. ಉದ್ದ ಹೆಸರು, ಮೊದಲ ಸಲಕ್ಕೆ ಯಾರ ಬಾಯಲ್ಲೂ ನಿಲ್ಲುವುದಿಲ್ಲ. ಇನ್ನೊಂದು ಸಲ ಹೇಳುತ್ತೇನೆ.