ಮೊಬೈಲಿನಲ್ಲಿ ವಾಯುಭಾರ: 910 ಸರಿಯೋ, 1016 ಸರಿಯೋ?

ಬೆಂಗಳೂರಿನಲ್ಲಿ ಗಾಳಿಯ ಒತ್ತಡ ತೋರಿಸುವ ಬ್ಯಾರೋಮೀಟರ್ ಆ್ಯಪ್ ತೆರೆದರೆ 910ರ ಆಸುಪಾಸಿನ ಅಂಕಿ ಬರುತ್ತದೆ. ಅದೇ ಹೊತ್ತಿಗೆ ಹವಾಮಾನ ವರದಿಯಲ್ಲಿ 1016 ಹೆಕ್ಟೊಪ್ಯಾಸ್ಕಲ್ (ಒತ್ತಡದ ಮಾನ; ಇಲ್ಲಿನ ಒತ್ತಡದ ಅಂಕಿಗಳೆಲ್ಲ ಇದರಲ್ಲೇ) ಎಂದಿರಬಹುದು. ಎರಡೂ ಸರಿಯೇ. ಮೊದಲನೆಯದು ನೀವು ನಿಂತಲ್ಲಿನ ಒತ್ತಡ, ಎರಡನೆಯದು ಸಮುದ್ರಮಟ್ಟಕ್ಕೆ ಹೊಂದಿಸಿ ಲೆಕ್ಕ ಹಾಕಿದ್ದು. ಮಂಗಳೂರಿನ ಕಡಲ ದಂಡೆಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅಲ್ಲಿ ಈ ಗೊಂದಲವೇ ಇಲ್ಲ.

ಮೊದಲು ನಿಮ್ಮ ಫೋನಿನಲ್ಲಿ ಒತ್ತಡದ ಸೆನ್ಸರ್ ಇದೆಯೇ ನೋಡಿ. ಕಡಿಮೆ ಬೆಲೆಯ ಎಷ್ಟೋ ಮಾಡೆಲ್‌ಗಳಲ್ಲಿ ಅದು ಇರುವುದಿಲ್ಲ. ಆಗ ಕೆಲವು ಆ್ಯಪ್‌ಗಳು ಇಂಟರ್ನೆಟ್‌ನಿಂದ ಅಂಕಿ ತಂದು ತಾವೇ ಅಳೆದಂತೆ ತೋರಿಸುತ್ತವೆ. ಏರೋಪ್ಲೇನ್ ಮೋಡ್ ಹಾಕಿ, ಲೊಕೇಶನ್ ಆಫ್ ಮಾಡಿ, ಮೆಟ್ಟಿಲು ಹತ್ತಿ ಒಂದು ಮಹಡಿ ಮೇಲೆ ಹೋಗಿ. ಬೆಂಗಳೂರಿನ ಎತ್ತರದಲ್ಲಿ ಒಂದು ಮೀಟರ್ ಏರಿದರೆ ಸುಮಾರು 0.1 ಇಳಿಯುತ್ತದೆ, ಮಹಡಿಗೆ 0.3. ಅಂಕಿ ಕದಲದಿದ್ದರೆ ಆ ಆ್ಯಪ್ ಏನನ್ನೂ ಅಳೆಯುತ್ತಿಲ್ಲ.

ನಿಜವಾದ ತಪ್ಪು ನುಸುಳುವುದು ಸಮುದ್ರಮಟ್ಟದ ಲೆಕ್ಕದಲ್ಲಿ, ಅದಕ್ಕೆ ಕಾರಣ ಹೆಚ್ಚಾಗಿ ಜಿಪಿಎಸ್. ಆಂಡ್ರಾಯ್ಡ್ ಫೋನಿನ ಜಿಪಿಎಸ್ ಕೊಡುವ ಮೂಲ ಎತ್ತರವು ಭೂಮಿಯ ಗಣಿತದ ಮಾದರಿಯಿಂದ ಅಳೆದದ್ದು, ಸಮುದ್ರಮಟ್ಟದಿಂದಲ್ಲ. ದಕ್ಷಿಣ ಭಾರತದಲ್ಲಿ ಸಮುದ್ರಮಟ್ಟ ಆ ಮಾದರಿಗಿಂತ ಬಹಳ ಕೆಳಗಿದೆ. ಬೆಂಗಳೂರಿನಲ್ಲಿ ವ್ಯತ್ಯಾಸ ಸುಮಾರು 86 ಮೀಟರ್. ಹೀಗಾಗಿ 920 ಮೀಟರ್ ಎತ್ತರದ ಜಾಗವನ್ನು ಜಿಪಿಎಸ್ 834 ಎನ್ನುತ್ತದೆ. ಇದನ್ನು ತಿದ್ದದೆ ಹಾಗೇ ಬಳಸುವ ಆ್ಯಪ್ 1016ರ ಬದಲು 1005–1006 ತೋರಿಸುತ್ತದೆ. ಅಂಕಿ ನಂಬಿದವರಿಗೆ ತಲೆಯ ಮೇಲೇ ವಾಯುಭಾರ ಕುಸಿತ! ಸೆನ್ಸರಿನದು ಇದರಲ್ಲಿ ಏನೂ ತಪ್ಪಿಲ್ಲ.

ಆದ್ದರಿಂದ ಎತ್ತರವನ್ನು ಕೈಯಿಂದಲೇ ತುಂಬಿ. ರೈಲು ನಿಲ್ದಾಣದ ಹಳದಿ ಫಲಕದ ಮೇಲೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂದು ಬರೆದಿರುತ್ತದೆ. ಅದರ ಪಕ್ಕ ನಿಂತು ಹೊಂದಿಸುವುದು ಸುಲಭ. ಆಮೇಲೆ ಹತ್ತಿರದ ವಿಮಾನ ನಿಲ್ದಾಣದ ಮೆಟಾರ್ (ವಿಮಾನಗಳಿಗಾಗಿ ಕೊಡುವ ಹವಾಮಾನ) ವರದಿ ನೋಡಿ. ಕೆಂಪೇಗೌಡ ನಿಲ್ದಾಣದ್ದು ‘ವಿಒಬಿಎಲ್’ ಹೆಸರಿನಲ್ಲಿ ಬರುತ್ತದೆ. ‘ಕ್ಯೂ’ ಅಕ್ಷರದ ಮುಂದಿನ ನಾಲ್ಕು ಅಂಕಿಯೇ ನಿಮಗೆ ಬೇಕಾದ್ದು. ಆ್ಯಪ್‌ನ ಸಮುದ್ರಮಟ್ಟದ ಅಂಕಿ ಅದಕ್ಕಿಂತ ಎಷ್ಟು ಹೆಚ್ಚುಕಡಿಮೆಯೋ ಅಷ್ಟನ್ನು ಆ್ಯಪ್‌ನ ಕ್ಯಾಲಿಬ್ರೇಶನ್ (ತಿದ್ದುಪಡಿ) ಆಯ್ಕೆಯಲ್ಲಿ ಕೊಡಿ. 1ರಷ್ಟು ವ್ಯತ್ಯಾಸ ಸೆನ್ಸರಿಗೆ ಸಹಜ.

ನೀರು ಹೋಗದಂತೆ ಮಾಡಿದ ಫೋನನ್ನು ಕೈಯಲ್ಲಿ ಹಿಸುಕಿದರೂ ಅಂಕಿ ಜಿಗಿಯುತ್ತದೆ. ಅಳೆಯುವಾಗ ಮೇಜಿನ ಮೇಲಿಡಿ.

ಇನ್ನು ಹವೆಯ ಮಾತು. ನಮ್ಮ ಕಡೆ ಒತ್ತಡ ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ. ಬೆಳಗ್ಗೆ 10 ಮತ್ತು ರಾತ್ರಿ 10ರ ಸುಮಾರಿಗೆ ಹೆಚ್ಚು, ಬೆಳಗಿನ ಜಾವ 4 ಮತ್ತು ಸಂಜೆ 4ರ ಆಸುಪಾಸಿನಲ್ಲಿ ಕಡಿಮೆ. ಮಧ್ಯಾಹ್ನದ ಹೊತ್ತಿಗೆ ಒತ್ತಡ 3–4 ಹೆಕ್ಟೊಪ್ಯಾಸ್ಕಲ್ ಇಳಿದರೆ ಅದು ಮಳೆಯ ಸೂಚನೆಯಲ್ಲ, ದಿನಚರಿ. ಹೋಲಿಸಬೇಕಾದ್ದು ನಿನ್ನೆ ಇದೇ ಹೊತ್ತಿನ ಅಂಕಿಯೊಂದಿಗೆ. ಅದಕ್ಕಿಂತ 3–4 ಕಡಿಮೆಯಿದ್ದರೆ ಗಮನ ಕೊಡಿ. ಏಪ್ರಿಲ್–ಮೇ ತಿಂಗಳ ಗುಡುಗುಮಳೆಯನ್ನು ಮಾತ್ರ ಈ ಆ್ಯಪ್‌ನಿಂದ ಮುಂಚೆ ಹಿಡಿಯುವುದು ಕಷ್ಟ. ಮಳೆಗೆ ಮುಂಚಿನ ತಣ್ಣನೆ ಗಾಳಿ ನುಗ್ಗಿದಾಗ ಒತ್ತಡ ಇಳಿಯುವ ಬದಲು ತಟ್ಟನೆ 1–2 ಏರುವುದೂ ಉಂಟು.