ರೇಸ್ ಪಾರಿವಾಳಕ್ಕೆ ಕಾಳು ಮಿಕ್ಸ್ ಮಾಡೋದು: ಡಬ್ಬದ ಲೆಕ್ಕ ಬೇರೆ, ಹಕ್ಕಿ ಲೆಕ್ಕ ಬೇರೆ

ಬೆಂಗಳೂರಲ್ಲಾಗ್ಲಿ ಚೆನ್ನೈನಲ್ಲಾಗ್ಲಿ ಹೋಮರ್, ಅಂದ್ರೆ ದೂರ ಬಿಟ್ರೂ ಗೂಡಿಗೆ ವಾಪಸ್ ಹಾರಿ ಬರೋ ರೇಸ್ ಪಾರಿವಾಳ, ಸಾಕೋರ ಹತ್ರ ಹೋಗಿ "ರೇಸ್ ಟೈಮಲ್ಲಿ ಏನ್ ಕಾಳು ಹಾಕ್ತೀರಾ" ಅಂತ ಕೇಳಿ ನೋಡಿ, ಬಹಳ ಜನ ನಕ್ಕು ಮಾತು ಬೇರೆ ಕಡೆ ತಿರುಗಿಸ್ತಾರೆ, ಏನೋ ತಾತನ ಕಾಲದ ನಾಟಿ ಔಷಧಿ ಗುಟ್ಟು ಕೇಳಿದ್ವಿ ಅನ್ನೋ ಹಾಗೆ. ನನ್ ಪ್ರಕಾರ ಅದರಲ್ಲಿ ಅಂಥ ಗುಟ್ಟೇನೂ ಇಲ್ಲ. ಕೊಬ್ಬು ಎಷ್ಟು, ಪ್ರೋಟೀನ್ ಎಷ್ಟು ಅನ್ನೋ ಎರಡು ನಂಬರ್ ಇದಾವೆ, ಅವನ್ನ ವಾರ ನೋಡ್ಕೊಂಡು ಸ್ವಲ್ಪ ಆಚೆ ಈಚೆ ಮಾಡ್ಬೇಕು, ಆಮೇಲೆ ನಾವು ಡಬ್ಬಕ್ಕೆ ಸುರಿದಿದ್ದೇ ಹಕ್ಕಿ ಹೊಟ್ಟೆಗೂ ಹೋಗ್ತಿದೆಯಾ ಅಂತ ಕಣ್ಣಿಟ್ಟು ನೋಡ್ಬೇಕು. ಈ ಕೊನೇ ಕೆಲಸ ಮಾತ್ರ ಯಾರೂ ಮಾಡಲ್ಲ.

ಮೊದಲು ಹಕ್ಕಿ ಯಾವುದರ ಮೇಲೆ ಹಾರುತ್ತೆ ಅಂತ ನೋಡೋಣ. ಪಾರಿವಾಳದ ತೂಕದಲ್ಲಿ ಹೆಚ್ಚುಕಮ್ಮಿ ಐದನೇ ಒಂದು ಭಾಗ ಎದೆ ಸ್ನಾಯುನೇ. ಆ ಸ್ನಾಯುವಲ್ಲಿ ಎರಡು ಥರ ಎಳೆಗಳಿವೆ. ಬಿಳಿ ಎಳೆ ದಪ್ಪ, ಸಕ್ಕರೆ ಸುಟ್ಟು ಪಟಪಟ ಅಂತ ಮೇಲೇಳೋಕೆ ಬೇಕು, ಬೇಗ ಸುಸ್ತಾಗುತ್ತೆ. ಕೆಂಪು ಎಳೆ ಸಣ್ಣ, ಸಂಖ್ಯೆಯಲ್ಲಿ ಅದೇ ಜಾಸ್ತಿ, ಒಳಗೆ ಕೊಬ್ಬಿನ ಸಣ್ಣ ಸಣ್ಣ ಹನಿ ತುಂಬಿರುತ್ತೆ, ಗಂಟೆಗಟ್ಟಲೆ ರೆಕ್ಕೆ ಬಡಿಯೋದು ಇದರಿಂದ. ಇದನ್ನ ಅರ್ಥ ಮಾಡ್ಕೊಂಡಿದ್ದರಲ್ಲಿ ನಮ್ಮ ದೇಶದ ಕೆಲಸ ದೊಡ್ಡದು, 1950ರ ದಶಕದಲ್ಲಿ ಬರೋಡಾ ವಿಶ್ವವಿದ್ಯಾಲಯದಲ್ಲಿ ಜೆ.ಸಿ. ಜಾರ್ಜ್ ಮತ್ತು ಅವರ ಜೊತೆಯವರು ಪಾರಿವಾಳದ ಎದೆ ಸ್ನಾಯುವನ್ನೇ ಹಿಡ್ಕೊಂಡು ಕೂತು, ದೀರ್ಘ ಕಾಲ ದುಡಿಯುವಾಗ ಮುಖ್ಯವಾಗಿ ಖರ್ಚಾಗೋದು ಕೊಬ್ಬೇ ಅಂತ ತೋರಿಸಿದ್ರು. ಆಮೇಲೆ 1980ರ ದಶಕದಲ್ಲಿ ಜರ್ಮನಿಯಲ್ಲಿ ಪಾರಿವಾಳಗಳನ್ನ ವಿಂಡ್ ಟನಲ್, ಅಂದ್ರೆ ಎದುರಿಂದ ಗಾಳಿ ಬೀಸೋ ಸುರಂಗದ ಒಳಗೆ ಹಾರಿಸಿ ಉಸಿರು ಅಳೆದ್ರು. ಒಳಗೆ ತಗೊಂಡ ಆಕ್ಸಿಜನ್ನಿಗೂ ಹೊರಗೆ ಬಿಟ್ಟ ಕಾರ್ಬನ್ ಡೈಆಕ್ಸೈಡಿಗೂ ಒಂದು ಅನುಪಾತ ಇದೆ, ಬರೀ ಸಕ್ಕರೆ ಸುಟ್ರೆ ಅದು 1, ಬರೀ ಕೊಬ್ಬು ಸುಟ್ರೆ 0.7. ಹಾರಾಟ ಮುಂದುವರಿದ ಹಾಗೆ ಹಕ್ಕಿಗಳ ನಂಬರ್ 0.7 ಕಡೆಗೇ ಇಳೀತಾ ಹೋಯ್ತು.

ಈಗ ಒಂದು ಲೆಕ್ಕ ಹಾಕಿ. ಹಾರೋವಾಗ ಪಾರಿವಾಳ ಸುಮಾರು 30 ವಾಟ್ ಶಕ್ತಿ ಖರ್ಚು ಮಾಡುತ್ತೆ, ಅಂದ್ರೆ ಗಂಟೆಗೆ ನೂರು ಕಿಲೋಜೂಲ್ ಮೇಲೆ. ಒಂದು ಗ್ರಾಂ ಕೊಬ್ಬಲ್ಲಿ 39 ಕಿಲೋಜೂಲ್ ಇರುತ್ತೆ, ಹಾಗಾಗಿ ಗಂಟೆಗೆ ಹತ್ತತ್ರ 3 ಗ್ರಾಂ ಕೊಬ್ಬು. 500 ಕಿಲೋಮೀಟರ್ ರೇಸಿಗೆ ಎಂಟು ಗಂಟೆ ಅಂತಿಟ್ಕೊಂಡ್ರೆ 22ರಿಂದ 24 ಗ್ರಾಂ. ಅದೇ ಶಕ್ತಿನ ಗ್ಲೈಕೋಜನ್, ಅಂದ್ರೆ ಮೈಯಲ್ಲಿ ಕೂಡಿಟ್ಟ ಸಕ್ಕರೆ ರೂಪದಲ್ಲಿ ಹೊತ್ಕೊಂಡು ಹೋಗ್ಬೇಕು ಅಂದ್ರೆ, ಗ್ಲೈಕೋಜನ್ ತನ್ನ ಮೂರು ಪಟ್ಟು ನೀರನ್ನ ಜೊತೆಗೆ ಹಿಡ್ಕೊಳ್ಳೋದ್ರಿಂದ 200 ಗ್ರಾಂ ತೂಕ ಆಗುತ್ತೆ, ಹಕ್ಕಿ ಇರೋದೇ 400, 450 ಗ್ರಾಂ. ಅದು ಮೇಲೇ ಏಳಲ್ಲ ಬಿಡಿ.

ಹಾಗಾದ್ರೆ ಕಡಲೆಕಾಯಿ ಬೀಜ ಸುರಿದ್ರೆ ಆಯ್ತಲ್ಲ ಅಂತೀರಾ? ಇಲ್ಲೇ ತುಂಬಾ ಜನ ಜಾರೋದು. ಹಕ್ಕಿ ದಿನಕ್ಕೆ ತಿನ್ನೋದು 30, 35 ಗ್ರಾಂ ಕಾಳು ಅಷ್ಟೇ. ಮಾಮೂಲಿ ಮಿಕ್ಸಲ್ಲಿ ಕೊಬ್ಬು 4 ಪರ್ಸೆಂಟ್ ಇದ್ರೆ ದಿನಕ್ಕೆ ಒಂದೂಕಾಲು ಗ್ರಾಂ ಒಳಗೆ ಹೋಗುತ್ತೆ, ಅದನ್ನ ಡಬಲ್ ಮಾಡಿದ್ರೂ ಎರಡೂವರೆ ಗ್ರಾಂ. 22 ಗ್ರಾಂ ಎಲ್ಲಿಂದ ಬರಬೇಕು? ಮೆಕ್ಕೆಜೋಳದಿಂದ. ಅದರಲ್ಲಿ ಕೊಬ್ಬು ನಾಲ್ಕೇ ಪರ್ಸೆಂಟ್ ಇದ್ರೂ ಪಿಷ್ಟ ಬೇಕಾದಷ್ಟಿದೆ, ಹಕ್ಕಿ ಲಿವರ್ ಆ ಪಿಷ್ಟವನ್ನ ಕೊಬ್ಬಾಗಿ ಮಾಡಿ ರಕ್ತಕ್ಕೆ ಬಿಡುತ್ತೆ. ಇದಕ್ಕೆ ಟೈಮ್ ಬೇಕು, ದಾರೀಲಿ ಸ್ವಲ್ಪ ಶಕ್ತಿ ನಷ್ಟನೂ ಆಗುತ್ತೆ, ಕಡಲೆಕಾಯಿ ಮತ್ತೆ ಕುಸುಬೆ ಕೊಬ್ಬು ಆ ಸುತ್ತು ಹಾಕದೆ ನೇರವಾಗಿ ಸೇರುತ್ತೆ ಅನ್ನೋದೇ ಅವುಗಳ ಲಾಭ. ಅದಕ್ಕೇ ರೇಸಿಗೆ ಕಳಿಸೋಕೆ ಬುಟ್ಟಿಗೆ ಕೂರಿಸೋ ಹಿಂದಿನ ಸಂಜೆ ಒಂದು ಹಿಡಿ ಶೇಂಗಾ ಹಾಕಿ ಗೆಲ್ಲೋಕೆ ಹೋಗೋದು ವ್ಯರ್ಥ, ತುಂಬಿಸೋ ಕೆಲಸ ಮೂರ್ನಾಲ್ಕು ದಿನ ಮೊದಲೇ ಶುರು ಆಗ್ಬೇಕು. ಬಾದಾಮಿ, ತುಪ್ಪ ಅಂತ ದುಡ್ಡು ಸುರಿಯೋರನ್ನ ನೋಡಿದ್ರೆ ನಂಗೆ ಅಯ್ಯೋ ಅನ್ಸುತ್ತೆ, ಬಾದಾಮಿಯಲ್ಲಿರೋದೂ ಕೊಬ್ಬು ಪ್ರೋಟೀನೇ ತಾನೆ, ಕಡಲೆಕಾಯಲ್ಲೂ ಹೆಚ್ಚುಕಮ್ಮಿ ಅಷ್ಟೇ ಇದೆ.

ಪ್ರೋಟೀನ್ ಕಥೆ ಬೇರೆ. ಮೆಕ್ಕೆಜೋಳ, ಜೋಳ, ಗೋಧಿ ಇವುಗಳಲ್ಲಿ ಲೈಸಿನ್ ಅನ್ನೋ ಅಮೈನೋ ಆಮ್ಲ (ಪ್ರೋಟೀನ್ ಕಟ್ಟೋ ಇಟ್ಟಿಗೆ ಅನ್ಕೊಳ್ಳಿ) ಕಮ್ಮಿ, ಬಟಾಣಿ, ಹೆಸರುಕಾಳು, ಹುರುಳೀಲಿ ಅದು ಧಾರಾಳ, ಆದ್ರೆ ಅವುಗಳಲ್ಲಿ ಮೆಥಿಯೊನಿನ್ ಅನ್ನೋ ಇನ್ನೊಂದು ಅಮೈನೋ ಆಮ್ಲ ಕಮ್ಮಿ. ನಾವು ಮುದ್ದೆ ಜೊತೆ ಹುರುಳಿ ಸಾರು ಉಣ್ಣೋ ಹಾಗೆ ಹಕ್ಕಿಗೂ ಎರಡೂ ಸೇರಬೇಕು, ಒಂದರ ಕೊರತೆ ಇನ್ನೊಂದು ತುಂಬುತ್ತೆ. ಮರಿ ಮಾಡೋ ಕಾಲದಲ್ಲಿ ಬಟಾಣಿ ಜಾಸ್ತಿ ಬೇಕು. ಗರಿ ಉದುರೋ ಕಾಲದಲ್ಲಿ ಗಂಧಕ ಇರೋ ಅಮೈನೋ ಆಮ್ಲ ಬೇಕು, ಗರಿಯ ಕೆರಾಟಿನ್ ಅದರಿಂದಲೇ ಆಗೋದು, ಆಗ ಸ್ವಲ್ಪ ಎಳ್ಳು, ಸೂರ್ಯಕಾಂತಿ ಸೇರಿಸಿದ್ರೆ ಒಳ್ಳೇದು. ರೇಸ್ ಹತ್ರ ಬಂದಾಗ ಮಾತ್ರ ಪ್ರೋಟೀನ್ ತುಂಬಬಾರದು. ಹೆಚ್ಚಾದ ಪ್ರೋಟೀನ್ ಕೂಡಿಟ್ಕೊಳ್ಳೋಕೆ ಹಕ್ಕಿಗೆ ಜಾಗ ಇಲ್ಲ, ಒಡೆದು ಯೂರಿಕ್ ಆಮ್ಲ ಮಾಡಿ ಹಾಕ್ಬೇಕು, ಹಿಕ್ಕೆ ಮೇಲೆ ಕಾಣೋ ಬಿಳೀ ಪದಾರ್ಥ ಅದೇ, ಅದಕ್ಕೂ ಶಕ್ತಿ ಖರ್ಚು.

ಈಗ 10 ಕೆಜಿ ಮಿಕ್ಸ್. ವಾರದ ಮಾಮೂಲಿ ದಿನಕ್ಕೆ ಮೆಕ್ಕೆಜೋಳ 3 ಕೆಜಿ, ಜೋಳ 2, ಗೋಧಿ ಒಂದೂವರೆ, ಬಟಾಣಿ 2, ಸಜ್ಜೆ, ಹೆಸರುಕಾಳು, ಕುಸುಬೆ ತಲಾ ಅರ್ಧ. ಪ್ರತಿ ಕಾಳಿನ ಪ್ರೋಟೀನ್ ಪರ್ಸೆಂಟನ್ನ ಅದರ ಕೆಜಿಯಿಂದ ಗುಣಿಸಿ, ಎಲ್ಲಾ ಕೂಡಿಸಿ 10ರಿಂದ ಭಾಗಿಸಿದ್ರೆ 13.5ರ ಹತ್ರ ಬರುತ್ತೆ, ಕೊಬ್ಬು 4. ರೇಸಿಗೆ ಮುಂಚಿನ ದಿನಗಳಿಗೆ ಬಟಾಣಿ 1 ಕೆಜಿಗೆ ಇಳಿಸಿ, ಗೋಧಿ ಅರ್ಧ ಕೆಜಿ ಕಮ್ಮಿ ಮಾಡಿ, ಹೆಸರುಕಾಳು ತೆಗೆದುಬಿಡಿ, ಆ ಜಾಗಕ್ಕೆ ಮೆಕ್ಕೆಜೋಳ ಇನ್ನೊಂದು ಕೆಜಿ, ಕುಸುಬೆ ಇನ್ನರ್ಧ, ಸಿಪ್ಪೆ ಬಿಡಿಸಿದ ಕಡಲೆಕಾಯಿ ಬೀಜ ಅರ್ಧ. ಕೊಬ್ಬು 8ಕ್ಕೆ ಏರುತ್ತೆ, ಪ್ರೋಟೀನ್ 12.5ರ ಆಸುಪಾಸಿಗೆ ಇಳಿಯುತ್ತೆ. ಇಷ್ಟೇ. ದುಬಾರಿ ಪ್ಯಾಕೆಟ್ಟಲ್ಲೂ ಮಾಡೋದು ಇದನ್ನೇ, ಕಾಳಿನ ಹೆಸರು ಮಾತ್ರ ಬೇರೆ ಇರುತ್ತೆ.

ಆದ್ರೆ ಈ ಲೆಕ್ಕ ಎಲ್ಲಾ ಡಬ್ಬದ್ದು. ಹಕ್ಕಿ ಲೆಕ್ಕ ನೋಡ್ಬೇಕಂದ್ರೆ ತಟ್ಟೆ ಪಕ್ಕ ಹತ್ತು ನಿಮಿಷ ಕೂತ್ಕೊಳ್ಳಿ. ಪಾರಿವಾಳದ ಬಾಯಲ್ಲಿ ರುಚಿ ಮೊಗ್ಗು ನೂರಕ್ಕಿಂತ ಕಮ್ಮಿ, ನಮಗೆ ಸಾವಿರಾರು ಇದಾವೆ, ಆದ್ರೂ ಅದು ಆರಿಸಿ ತಿನ್ನೋದ್ರಲ್ಲಿ ಗಟ್ಟಿ, ಕಣ್ಣಲ್ಲಿ ಗಾತ್ರ ಬಣ್ಣ ನೋಡುತ್ತೆ, ಕೊಕ್ಕಲ್ಲಿ ಹಿಡಿದು ಪರೀಕ್ಷೆ ಮಾಡುತ್ತೆ, ಬೇಡ ಅನ್ಸಿದ್ರೆ ತಲೆ ಕೊಡವಿ ಪಕ್ಕಕ್ಕೆಸೆಯುತ್ತೆ. ಕಡಲೆಕಾಯಿ ರುಚಿ ಹತ್ತಿದ ಹಕ್ಕಿ ಮೊದಲು ಅದಕ್ಕೇ ನುಗ್ಗುತ್ತೆ, ಗೂಡಲ್ಲಿ ಜೋರಿರೋ ಗಂಡು ತಟ್ಟೆ ಮಧ್ಯ ನಿಂತು ಎಲ್ಲಾ ಬಾಚಿಕೊಳ್ಳುತ್ತೆ, ಹಿಂದೆ ನಿಂತ ಬಡಪಾಯಿಗೆ ಉಳಿದ ಜೋಳ ಗೋಧಿ. ನೀವು ಕೊಟ್ಟಿದ್ದು ಒಂದೇ ಮಿಕ್ಸ್, ತಿಂದಿದ್ದು ಎರಡು ಥರ. ದಿನವಿಡೀ ತಟ್ಟೆ ತುಂಬಿಟ್ರೆ ಇದು ತಪ್ಪಿದ್ದಲ್ಲ. ಹಕ್ಕಿ ಲೆಕ್ಕಕ್ಕೆ ತೂಕ ಮಾಡಿ, ಎಲ್ಲಕ್ಕೂ ಕೊಕ್ಕು ಸಿಗೋ ಹಾಗೆ ಉದ್ದ ತಟ್ಟೇಲಿ, ಸ್ವಲ್ಪ ಸ್ವಲ್ಪವೇ ಹಾಕ್ಬೇಕು, ಕಡಲೆಕಾಯನ್ನ ಮಿಕ್ಸಿಗೆ ಸೇರಿಸದೆ ಕೊನೇಗೆ ಎಣಿಸಿ ಕೊಟ್ರೆ ಇನ್ನೂ ವಾಸಿ. ಹಳಬರು ಇದಕ್ಕೆ ಬಾರ್ಲಿ ಬಳಸ್ತಾರೆ. ಬಾರ್ಲಿ ಅಂದ್ರೆ ಪಾರಿವಾಳಕ್ಕೆ ಅಷ್ಟಕ್ಕಷ್ಟೇ, ಹಸಿವಿದ್ರೆ ಮಾತ್ರ ಮುಟ್ಟುತ್ತೆ, ಹಾಗಾಗಿ ತಟ್ಟೇಲಿ ಬಾರ್ಲಿ ಉಳಿಯೋಕೆ ಶುರುವಾದ್ರೆ ಹೊಟ್ಟೆ ತುಂಬಿದೆ ಅಂತ ಅರ್ಥ, ಅಲ್ಲಿಗೆ ನಿಲ್ಲಿಸೋದು. ತಕ್ಕಡಿಗಿಂತ ಇದು ಚೆನ್ನಾಗಿ ಕೆಲಸ ಮಾಡುತ್ತೆ, ಚಳಿ ದಿನ ಹಕ್ಕಿ ಜಾಸ್ತಿ ತಿನ್ನುತ್ತೆ ಅನ್ನೋದು ತಕ್ಕಡಿಗೆ ಗೊತ್ತಾಗಲ್ಲ ನೋಡಿ.

ಕಾಳು ಎಷ್ಟು ಒಳ್ಳೇದಿದ್ರೂ ಅದರಲ್ಲಿ ಕ್ಯಾಲ್ಸಿಯಂ ಇರಲ್ಲ, ಇದ್ರೂ ತೀರಾ ಕಮ್ಮಿ. ಹಳೇ ಗೋಡೆಯ ಸುಣ್ಣ ಕುಕ್ಕೋ ಪಾರಿವಾಳ ನೋಡಿರ್ತೀರಾ, ಅದಕ್ಕೆ ಬೇಕಾಗಿರೋದು ಅದೇ. ಕಪ್ಪೆಚಿಪ್ಪಿನ ಪುಡಿ, ಸಣ್ಣ ಗರುಕು ಕಲ್ಲು, ಚಿಟಿಕೆ ಉಪ್ಪು ಬೇರೆ ಬಟ್ಟಲಲ್ಲಿ ಇಟ್ಟುಬಿಡಿ. ಹಲ್ಲಿಲ್ಲದ ಹಕ್ಕಿ ಕಾಳನ್ನ ಇಡೀ ನುಂಗುತ್ತೆ, ಹೊಟ್ಟೇಲಿ ಅರೆಯೋಕೆ ಆ ಕಲ್ಲು ಬೇಕು.

ಸ್ವಂತ ಮಿಕ್ಸ್ ಮಾಡೋರಿಗೆ ನಿಜವಾದ ಅಪಾಯ ಇರೋದು ಪರ್ಸೆಂಟಲ್ಲಿ ಅಲ್ಲ, ಬೂಷ್ಟಲ್ಲಿ. 1960ರಲ್ಲಿ ಇಂಗ್ಲೆಂಡಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿ ಸತ್ತವು, ಕಾರಣ ಹುಡುಕ್ತಾ ಹೋದಾಗ ಸಿಕ್ಕಿದ್ದು ಮೇವಿಗೆ ಹಾಕಿದ್ದ ಬ್ರೆಜಿಲ್ಲಿನ ಕಡಲೆಕಾಯಿ ಹಿಂಡಿ, ಅದರಲ್ಲಿ ಬೆಳೆದ ಶಿಲೀಂಧ್ರದ ವಿಷ, ಅಫ್ಲಾಟಾಕ್ಸಿನ್ ಗೊತ್ತಾಗಿದ್ದೇ ಹಾಗೆ. ಆ ಶಿಲೀಂಧ್ರ ಇಷ್ಟಪಟ್ಟು ಬೆಳೆಯೋದು ಕಡಲೆಕಾಯಿ ಮತ್ತೆ ಮೆಕ್ಕೆಜೋಳದ ಮೇಲೆ, ಅಂದ್ರೆ ನಾವು ರೇಸಿಗೆ ಮುಂಚೆ ಜಾಸ್ತಿ ಮಾಡೋ ಎರಡು ಕಾಳಿನ ಮೇಲೇ. ಬಿಸಿಲಿಗೆ ಹಾಕಿದ್ರೆ ತೇವ ಹೋಗುತ್ತೆ, ಆದ್ರೆ ಆಗಲೇ ಸೇರಿರೋ ವಿಷವನ್ನ ಬಿಸಿಲಾಗ್ಲಿ ಹುರಿಯೋದಾಗ್ಲಿ ಪೂರ್ತಿ ತೆಗೆಯಲ್ಲ. ಮಳೆಗಾಲದಲ್ಲಿ ಒಂದು ಮೂಟೆ ಅಗ್ಗ ಸಿಕ್ತು ಅಂತ ತರಬೇಡಿ. ತಂದಿದ್ದನ್ನ ಮೊರದಲ್ಲಿ ಕೇರಿ, ಒಡೆದ ಕಾಳು, ಸುಕ್ಕಾಗಿರೋದು, ಮೊಳಕೆ ತುದೀಲಿ ಹಸಿರು ಹಳದಿ ಪುಡಿ ಕಂಡಿದ್ದು ಎಲ್ಲಾ ತೆಗೆದುಹಾಕಿ, ಒಂದು ಹಿಡಿ ಮೂಗಿಗೆ ಹಿಡಿದಾಗ ಮುಗ್ಗು ವಾಸನೆ ಬಂದ್ರೆ ಇಡೀ ಚೀಲ ವಾಪಸ್ ಕೊಡಿ.

ಇನ್ನು ಬಿತ್ತನೆ ಬೀಜ. ಗುಲಾಬಿ, ಕೆಂಪು, ಹಸಿರು ಬಣ್ಣ ಹಚ್ಚಿದ ಮೆಕ್ಕೆಜೋಳ, ಜೋಳ, ಸೂರ್ಯಕಾಂತಿ ಬಿತ್ತನೆ ಮುಗಿದ ಮೇಲೆ ಉಳಿದಿದ್ದು ಅಂತ ಕಮ್ಮಿ ರೇಟಿಗೆ ಸಿಗುತ್ತೆ, ಆ ಬಣ್ಣ ಹಾಕೋದೇ ಶಿಲೀಂಧ್ರನಾಶಕ, ಕೀಟನಾಶಕ ಲೇಪಿಸಿದೀವಿ, ತಿನ್ನೋಕಲ್ಲ ಅಂತ ತಿಳಿಸೋಕೆ. ಎರಡು ಸಲ ತೊಳೆದು ಒಣಗಿಸಿದ್ರೆ ಏನಾಗಲ್ಲ ಅಂತ ಹೇಳೋರು ಸಿಗ್ತಾರೆ. ಬಣ್ಣ ಹೋದ ಮಾತ್ರಕ್ಕೆ ಔಷಧಿ ಹೋಗಲ್ಲ, ಎಷ್ಟೋ ಬೀಜಕ್ಕೆ ಅದು ಸಿಪ್ಪೆ ಒಳಗೂ ಇಳಿದಿರುತ್ತೆ.