ಮಳೆಗಾಲದ ತುರಿಕೆ, ಬಿಳಿ ಹೋಗುವುದು: ಟ್ಯೂಬ್ ಹಚ್ಚಿದರೆ ಸಾಕಾ?

ಪ್ರಶ್ನೆ: ನಮ್ಮದು ಹೊಸನಗರದ ಕಡೆ. ವಯಸ್ಸು 34. ಮಳೆ ಹಿಡಿದ ಮೇಲೆ ಕೆಳಗೆ ವಿಪರೀತ ತುರಿಕೆ, ಉರಿ. ಒಡೆದ ಮೊಸರಿನ ಹಾಗೆ ಬಿಳಿ ಹೋಗುತ್ತದೆ. ಅತ್ತೆ "ಉಷ್ಣ ಆಗಿದೆ, ಎಳನೀರು ಕುಡಿ" ಅಂದರು. ಮೆಡಿಕಲ್ ಶಾಪಿನವರು ಒಂದು ಟ್ಯೂಬ್ ಕೊಟ್ಟರು. ಹಚ್ಚಿದಾಗ ಕಡಿಮೆ, ಬಿಟ್ಟರೆ ಮತ್ತೆ ಶುರು. ಏನು ಮಾಡಲಿ?

ಉತ್ತರ: ಮೊದಲು ಆ ಟ್ಯೂಬಿನ ಮೇಲೆ ಬರೆದಿರುವ ಔಷಧಗಳ ಹೆಸರು ಓದಿ. ಕ್ಲೋಬೆಟಸಾಲ್, ಬೆಟಾಮೆಥಸೋನ್ ಅಂತ ಏನಾದರೂ ಇದೆಯಾ? ಇದ್ದರೆ ಅದು ಸ್ಟೀರಾಯ್ಡ್ ಬೆರೆಸಿದ ಕ್ರೀಮ್. ಸ್ಟೀರಾಯ್ಡ್ ತುರಿಕೆಯನ್ನು ಬೇಗ ಅಡಗಿಸುತ್ತದೆ. ಆದರೆ ತುರಿಕೆ ತರುವ ಫಂಗಸ್ (ಶಿಲೀಂಧ್ರ) ಸಾಯುವುದಿಲ್ಲ, ಚರ್ಮ ಮಾತ್ರ ತೆಳ್ಳಗಾಗುತ್ತಾ ಹೋಗುತ್ತದೆ. "ಹಚ್ಚಿದಾಗ ಕಡಿಮೆ, ಬಿಟ್ಟರೆ ಶುರು" ಅನ್ನುವ ಕಥೆಯ ಹಿಂದೆ ಎಷ್ಟೋ ಸಲ ಇಂಥದ್ದೇ ಟ್ಯೂಬ್ ಇರುತ್ತದೆ. ಡಾಕ್ಟರು ನೋಡಿ ಬರೆದುಕೊಡದೆ ಇದನ್ನು ಆ ಜಾಗಕ್ಕೆ ಹಚ್ಚಲೇಬಾರದು. ಈ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟೇ ಇದೆ.

ನೀವು ಹೇಳಿದ ಲಕ್ಷಣಗಳು ಯೀಸ್ಟ್ ಸೋಂಕಿಗೆ ಚೆನ್ನಾಗಿ ಹೊಂದುತ್ತವೆ. ಇದನ್ನು ಮಾಡುವುದು ಕ್ಯಾಂಡಿಡಾ ಎಂಬ ಫಂಗಸ್. ಎಷ್ಟೋ ಹೆಂಗಸರ ಮೈಯಲ್ಲಿ ಅದು ಸುಮ್ನೆ ಇರುತ್ತದೆ. ಯೋನಿಯಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಅದನ್ನು ಹದ್ದುಬಸ್ತಿನಲ್ಲಿ ಇಡುತ್ತವೆ. ಆ ಹಿಡಿತ ತಪ್ಪಿದಾಗ ಫಂಗಸ್ ಬೆಳೆಯುತ್ತದೆ. ನಾಲ್ವರಲ್ಲಿ ಸುಮಾರು ಮೂವರು ಹೆಂಗಸರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ. ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಇದರ ಮುಖ್ಯ ಗುರುತು ತುರಿಕೆ. ಜೊತೆಗೆ ಕೆಂಪಾಗುವುದು, ಊತ, ಮೂತ್ರ ತಾಗಿದರೆ ಉರಿ, ಗಂಡ ಹೆಂಡತಿ ಸೇರುವಾಗ ನೋವು. ಬಿಳಿ ಗಟ್ಟಿಯಾಗಿರುತ್ತದೆ, ಕೆಟ್ಟ ವಾಸನೆ ಸಾಮಾನ್ಯವಾಗಿ ಇರುವುದಿಲ್ಲ. ತೆಳ್ಳಗೆ ಬೂದು ಬಣ್ಣದಲ್ಲಿ ಹೋಗಿ ಮೀನಿನ ವಾಸನೆ ಬಂದರೆ ಅದು ಬ್ಯಾಕ್ಟೀರಿಯಾದ ತೊಂದರೆ ಇರಬಹುದು. ಹಳದಿ ಹಸಿರು ಬಣ್ಣ, ನೊರೆ ಇದ್ದರೆ ಟ್ರೈಕೊಮೊನಾಸ್ ಎಂಬ ಲೈಂಗಿಕ ಸೋಂಕಿನ ಅನುಮಾನ. ಎರಡಕ್ಕೂ ಯೀಸ್ಟ್ ಔಷಧ ನಾಟುವುದಿಲ್ಲ. ಇನ್ನು ತಿಂಗಳ ನಡುವೆ ಲೋಳೆಯ ಹಾಗೆ, ತುರಿಕೆ ಇಲ್ಲದೆ ಹೋಗುವ ಬಿಳಿ ಕಾಯಿಲೆಯೇ ಅಲ್ಲ.

ಮಲೆನಾಡಿನ ಮಳೆಗಾಲದಲ್ಲಿ ಇನ್ನೊಂದು ಗೊಂದಲ ಜಾಸ್ತಿ. ತುರಿಕೆ ತೊಡೆ ಸಂದಿಯಲ್ಲಿ, ಅಂಚು ಕಟ್ಟಿದ ಸುತ್ತು ಸುತ್ತಿನ ಕಲೆಯಾಗಿ ಇದ್ದರೆ ಅದು ಹುಳುಕಡ್ಡಿ. ಅದೂ ಫಂಗಸ್ಸೇ, ಆದರೆ ಬೇರೆ ಜಾತಿ. ಔಷಧವನ್ನು ವಾರಗಟ್ಟಲೆ ಹಚ್ಚಬೇಕಾಗುತ್ತದೆ.

ಯೀಸ್ಟ್‌ಗೆ ಚಿಕಿತ್ಸೆ ಸುಲಭ. ಕ್ಲೋಟ್ರಿಮಜೋಲ್ ಮಾತ್ರೆಯನ್ನು ರಾತ್ರಿ ಮಲಗುವಾಗ ಯೋನಿಯ ಒಳಗೆ ಇಟ್ಟುಕೊಳ್ಳುವುದು ಒಂದು ದಾರಿ. 500 ಮಿಲಿಗ್ರಾಂನದಾದರೆ ಒಂದೇ ಸಲ, 100 ಮಿಲಿಗ್ರಾಂನದಾದರೆ ಆರೇಳು ರಾತ್ರಿ. ಹೊರಗೆ ಮಾತ್ರ ಕ್ರೀಮ್ ಹಚ್ಚಿದರೆ ಒಳಗಿನ ಸೋಂಕು ಹಾಗೇ ಉಳಿಯುತ್ತದೆ. ಬಾಯಿಯಿಂದ ನುಂಗುವ ಫ್ಲುಕೊನಜೋಲ್ 150 ಮಿಲಿಗ್ರಾಂ ಒಂದು ಮಾತ್ರೆ ಇನ್ನೊಂದು ದಾರಿ. ಬಸುರಿಯರು ಇದನ್ನು ನುಂಗಬಾರದು. ಅವರಿಗೆ ಒಳಗೆ ಇಡುವ ಔಷಧವನ್ನೇ ಏಳು ದಿನ ಕೊಡುತ್ತಾರೆ, ಅದೂ ಡಾಕ್ಟರನ್ನು ಕೇಳಿಯೇ. ರಕ್ತ ತೆಳುವಾಗುವ ಮಾತ್ರೆ, ಕೆಲವು ಸಕ್ಕರೆ ಕಾಯಿಲೆ ಮಾತ್ರೆಗಳ ಜೊತೆಗೂ ಫ್ಲುಕೊನಜೋಲ್ ಹೊಂದುವುದಿಲ್ಲ. ತುರಿಕೆ ನಿಂತಿತೆಂದು ಕೋರ್ಸ್ ಅರ್ಧಕ್ಕೆ ಬಿಡಬೇಡಿ. ಒಳಗೆ ಹಾಕುವ ಔಷಧ ಕಾಂಡೋಮನ್ನು ಹಾಳು ಮಾಡಬಹುದು, ಇದನ್ನು ಯಾರೂ ಹೇಳುವುದಿಲ್ಲ. ಗಂಡನಿಗೆ ತುರಿಕೆ, ಕೆಂಪು ಇದ್ದರೆ ಮಾತ್ರ ಅವರಿಗೆ ಔಷಧ ಬೇಕು.

ಅತ್ತೆಯವರ ಎಳನೀರು ಕುಡಿಯಿರಿ, ತೊಂದರೆ ಇಲ್ಲ. ಆದರೆ ಅದರಿಂದ ಫಂಗಸ್ ಹೋಗುವುದಿಲ್ಲ. ಡೆಟಾಲ್ ಹಾಕಿ ತೊಳೆಯುವುದು, ಸೋಪು ಹಾಕಿ ಒಳಗೆ ತೊಳೆಯುವುದು ಮಾತ್ರ ಬೇಡ. ಒಳ್ಳೆಯ ಬ್ಯಾಕ್ಟೀರಿಯಾಕ್ಕೆ ಏಟು ಬೀಳುತ್ತದೆ. ಹೊರಗೆ ಬರೀ ನೀರು ಸಾಕು. ನಾಟಿ ಗದ್ದೆಯಿಂದ ಬಂದ ಕೂಡಲೇ ಒದ್ದೆ ಬಟ್ಟೆ ಬದಲಿಸಿ. ಒಳ ಉಡುಪು ಹತ್ತಿಯದಿರಲಿ. ಸೀರೆ ಅಡಿಯಲ್ಲಿ, ಯಾರಿಗೂ ಕಾಣದ ಹಾಗೆ ಒಣಗಿಸಿದರೆ ಆಗುಂಬೆ, ಹೊಸನಗರದ ಮಳೆಯಲ್ಲಿ ಅದು ಒಣಗುವುದೇ ಇಲ್ಲ, ಅಲ್ವಾ? ಬಚ್ಚಲೊಲೆಯ ಬಿಸಿಗೆ ಹಾಕಿ, ಇಲ್ಲವೇ ಇಸ್ತ್ರಿ ಮಾಡಿ ತೇವ ತೆಗೆಯಿರಿ.

ಆದರೂ ಎಲ್ಲಾ ತಪ್ಪನ್ನೂ ಮಳೆಯ ಮೇಲೆ ಹಾಕಬೇಡಿ. ಜ್ವರಕ್ಕೋ ಕೆಮ್ಮಿಗೋ ಆಂಟಿಬಯೋಟಿಕ್ ತೆಗೆದುಕೊಂಡ ಮೇಲೆ ಇದು ಬರುವುದು ಬಹಳ ಸಾಮಾನ್ಯ. ಮತ್ತೆ ಮತ್ತೆ ಬಂದರೆ ರಕ್ತದ ಸಕ್ಕರೆ ನೋಡಿಸಲೇಬೇಕು. ಸಕ್ಕರೆ ಕಾಯಿಲೆ ಇರುವುದು ಕೆಲವರಿಗೆ ಈ ತುರಿಕೆಯಿಂದಲೇ ಗೊತ್ತಾಗುತ್ತದೆ. ಡಾಪಾಗ್ಲಿಫ್ಲೋಜಿನ್‌ನಂಥ ಸಕ್ಕರೆ ಕಾಯಿಲೆ ಮಾತ್ರೆ ಮೂತ್ರದಲ್ಲಿ ಸಕ್ಕರೆ ಹೊರಹಾಕುವುದರಿಂದ ಅದರಿಂದಲೂ ಬರಬಹುದು. ಹಾಗೆಂದು ಆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ವರ್ಷಕ್ಕೆ ಮೂರು ಅಥವಾ ಹೆಚ್ಚು ಸಲ ಬಂದರೆ ಚಿಕಿತ್ಸೆ ಬೇರೆ, ಆರು ತಿಂಗಳವರೆಗೂ ನಡೆಯಬಹುದು.

ನಿಮ್ಮ ವಿಷಯದಲ್ಲಿ ಇನ್ನೊಂದು ಟ್ಯೂಬ್ ಬೇಡ, ಪರೀಕ್ಷೆ ಬೇಕು. ತಾಲೂಕು ಆಸ್ಪತ್ರೆಯಲ್ಲಿ ಸ್ತ್ರೀರೋಗ ಡಾಕ್ಟರ್ ಸಿಗದಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಬಹುದು. ಕೆಳಹೊಟ್ಟೆ ನೋವು, ಜ್ವರ, ಹುಣ್ಣು, ರಕ್ತ ಕಂಡರೆ, ಅಥವಾ ಬಸುರಿಯಾಗಿದ್ದರೆ ಕಾಯಬೇಡಿ. ಮುಟ್ಟು ಇಲ್ಲದ ದಿನ ಹೋದರೆ ಒಳ್ಳೆಯದು. ಹತ್ತಿಕಡ್ಡಿಯಿಂದ ಸ್ವಲ್ಪ ಬಿಳಿ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ನಿಮಿಷದ ಕೆಲಸ, ನೋವು ಹೆಚ್ಚೇನೂ ಇರುವುದಿಲ್ಲ. ಲೇಡಿ ಡಾಕ್ಟರೇ ಬೇಕು ಅನಿಸಿದರೆ ಚೀಟಿ ಮಾಡಿಸುವಾಗಲೇ ಕೇಳಿ.